ಹಳೇ ವಾಚಿಗೆ ಹೊಸ ಮುಖ ಬೇಕಾ?

ಹೋದ ಭಾನುವಾರ ನಿಟ್ಟೂರಿಗೆ ಹೋಗಿದ್ದೆ. ಊಟ ಮುಗಿದ ಮೇಲೆ ದೊಡ್ಡಮ್ಮ ಬೀರುವಿನಿಂದ ಒಂದು ಕರ್ಚೀಫಿನ ಗಂಟು ತಂದು ನನ್ನ ಕೈಗಿಟ್ಟರು. ಬಿಚ್ಚಿ ನೋಡಿದರೆ ದೊಡ್ಡಪ್ಪನ ಎಚ್‌ಎಂಟಿ ಜನತಾ!

"ಇದನ್ನ ಮಾರ್ಕೊಡು ಮಗ. ಇಲ್ಲಿ ಸುಮ್ನೆ ಬಿದ್ದಿರೋದಕ್ಕಿಂತ ಯಾರಾದ್ರೂ ಕಟ್ಕೊಳ್ಳಲಿ. ಬಂದ ದುಡ್ಡು ನನ್ನ ಕಣ್ಣಿನ ಆಪರೇಷನ್‌ಗೆ ಹೋಗೋ ಬಸ್ ಚಾರ್ಜಿಗಾದ್ರೂ ಆಗುತ್ತೆ" ಅಂದರು. ನಗುತ್ತಲೇ ಅಂದರು, ಆದರೆ ವಾಚು ಕೈ ಬಿಡುವಾಗ ಒಂದು ಕ್ಷಣ ತಡೆದದ್ದು ನನಗೆ ಗೊತ್ತಾಯಿತು.

ಪಕ್ಕದಲ್ಲಿದ್ದ ಅಣ್ಣ ತಕ್ಷಣ ಲೆಕ್ಕ ಹಾಕಿದ. "ಹಿಂಗೇ ಕೊಟ್ರೆ ಯಾವನು ತಗೋತಾನೋ? ಡಯಲ್ ನೋಡು, ಅರಿಶಿನ ಆಗಿದೆ. ತುಮಕೂರಲ್ಲಿ ಕೊಟ್ರೆ ಹೊಸ ಡಯಲ್ ಹಾಕಿ, ಕೇಸಿಗೆ ಪಾಲಿಷ್ ಹೊಡೆದು ಫಳಫಳ ಅನ್ಸಿಬಿಡ್ತಾರೆ. ಆಮೇಲೆ ಮಾರು, ಡಬಲ್ ರೇಟು."

ನಾನು ಬೇಡ ಅಂದೆ. ಯಾಕೆ ಅಂದರೆ ಈ ತಪ್ಪನ್ನ ನಾನು ಒಮ್ಮೆ ಮಾಡಿದೀನಿ...

ನಮ್ಮಪ್ಪನಿಗೆ ಮದುವೆಯಲ್ಲಿ ಮಾವನ ಮನೆಯಿಂದ ಬಂದ ಕಾಂಚನ್ ಇತ್ತು. ಆ ಕಾಲದಲ್ಲಿ ಅಳಿಯನಿಗೆ ಕಾಂಚನ್ ಅಂದರೆ ಏನು ಗತ್ತು ಅನ್ನೋದು ನಿಮ್ಮ ಮನೆ ಹಿರಿಯರನ್ನ ಕೇಳಿ, ಹೇಳ್ತಾರೆ. ಅದನ್ನ ಮಾರೋ ಮುಂಚೆ "ಚೆನ್ನಾಗಿ ಕಾಣಲಿ" ಅಂತ ಒಂದು ಅಂಗಡಿಗೆ ಕೊಟ್ಟೆ. ವಾರ ಬಿಟ್ಟು ಹೋದರೆ ಕಡುನೀಲಿ ಡಯಲ್ಲಿನ ವಾಚು ಕೈಗೆ ಬಂತು. ಹಳೇ ಡಯಲ್ ಎಲ್ಲಿ ಅಂದರೆ "ಅದನ್ನೇ ಉಜ್ಜಿ ಬಣ್ಣ ಹಾಕಿದ್ದು ಸಾರ್" ಅಂದರು. ಕೊಳ್ಳೋಕೆ ಬಂದವರು ಒಂದು ನಿಮಿಷ ನೋಡಿ, "ಇದು ರೀಡಯಲ್ಲು, ಬೇಡ" ಅಂತ ಎದ್ದು ಹೋದರು. ಅಪ್ಪ ಏನೂ ಅನ್ನಲಿಲ್ಲ. ಆದರೆ ಆ ವಾಚನ್ನ ಮತ್ತೆ ಕಟ್ಟಲೂ ಇಲ್ಲ. ಮಾರಾಟವೂ ಆಗಲಿಲ್ಲ, ನೆನಪೂ ಉಳಿಯಲಿಲ್ಲ.

ಹಳೇ ವಾಚಿನ ಬೆಲೆ ಇರೋದೇ ಅದರ ಮುಖದಲ್ಲಿ. ರೀಡಯಲ್ ಮಾಡುವಾಗ ಹಳೇ ಬಣ್ಣ, ಅಕ್ಷರ ಎಲ್ಲ ತೆಗೆದು ಹೊಸದಾಗಿ ಅಚ್ಚು ಹಾಕ್ತಾರೆ. ಅಕ್ಷರ ದಪ್ಪ ಆಗುತ್ತೆ, ಗೆರೆ ಅಂಕಿಗೆ ಸರಿಯಾಗಿ ಕೂರಲ್ಲ. ಕಂಪನಿ ಯಾವತ್ತೂ ಮಾಡದ ಬಣ್ಣದ ಎಚ್‌ಎಂಟಿಗಳು ಇವತ್ತು ಆನ್‌ಲೈನಲ್ಲಿ ರಾಶಿ ರಾಶಿ ಸಿಗೋದು ಹೀಗೇ. ಪಾಲಿಷ್ ಕತೆಯೂ ಅಷ್ಟೇ. ಜನತಾದ ಕೇಸು ಹಿತ್ತಾಳೆ, ಮೇಲೆ ಇರೋದು ಕ್ರೋಮ್ ಲೇಪ. ಉಜ್ಜಿದಷ್ಟೂ ಹಿತ್ತಾಳೆ ಇಣುಕುತ್ತೆ.

ಎಚ್‌ಎಂಟಿ ಬೆಂಗಳೂರಲ್ಲಿ ವಾಚು ಶುರು ಮಾಡಿದ್ದು 1961ರಲ್ಲಿ, ಜಪಾನಿನ ಸಿಟಿಜನ್ ಕಂಪನಿ ಜೊತೆ ಸೇರಿ. ನಮ್ಮ ತುಮಕೂರಿನ ಕಾರ್ಖಾನೆ ಬಂದಿದ್ದು 1978ರಲ್ಲಿ. ದೊಡ್ಡಪ್ಪ ಅಲ್ಲೇ ಕೆಲಸಕ್ಕಿದ್ದರು, ನಿಟ್ಟೂರು ಸ್ಟೇಷನ್ನಿಂದ ರೈಲಲ್ಲಿ ಓಡಾಟ. 2016ರ ಜನವರಿಯಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚಸ್ ಮುಚ್ಚೋಕೆ ಒಪ್ಪಿಗೆ ಕೊಟ್ಟಿತು. ತುಮಕೂರಿನ ಆ ಜಾಗ ಇಸ್ರೋಗೆ ಹೋಯಿತು. 2023ರಲ್ಲಿ ನಮ್ಮ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ಶುರುವಾಯಿತು. ಒಳ್ಳೇದೇ. ಎಚ್‌ಎಂಟಿ ಹೆಸರಲ್ಲಿ ಈಗಲೂ ಹೊಸ ವಾಚುಗಳು ಬರುತ್ತಿವೆ. ಆದರೆ ದೊಡ್ಡಪ್ಪನ ಕಾಲದ ಡಯಲ್ ಇನ್ನು ಹುಟ್ಟಲ್ಲ. ಒಂದನ್ನ ಉಜ್ಜಿದರೆ ಒಂದು ಕಮ್ಮಿಯಾಯಿತು, ಅಷ್ಟೇ ಲೆಕ್ಕ.

ದೊಡ್ಡ ಲೋಕದ ಒಂದು ಉದಾಹರಣೆ ಹೇಳ್ತೀನಿ. ಹಾಲಿವುಡ್ ನಟ ಪಾಲ್ ನ್ಯೂಮನ್ ಕಟ್ಟುತ್ತಿದ್ದ ರೋಲೆಕ್ಸ್ ಡೇಟೋನಾ 2017ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಸುಮಾರು 1.77 ಕೋಟಿ ಡಾಲರಿಗೆ ಹೋಯಿತು. ಅದರ ಹಿಂದೆ "ಹುಷಾರಾಗಿ ಗಾಡಿ ಓಡಿಸು" ಅನ್ನೋ ಅರ್ಥದ ಮಾತನ್ನ ಅವನ ಹೆಂಡತಿ ಕೆತ್ತಿಸಿದ್ದಳು. ಯಾರಾದರೂ ಪುಣ್ಯಾತ್ಮ "ಕ್ಲೀನಾಗಿ ಕಾಣಲಿ" ಅಂತ ಆ ಅಕ್ಷರ ಅಳಿಸಿದ್ದರೆ? ನಮ್ಮ ಜನತಾ ಕೋಟಿಗೆ ಹೋಗಲ್ಲ ಬಿಡಿ, ಆದರೆ ನ್ಯಾಯ ಒಂದೇ.

ನಮ್ಮೂರಿನ ಹೊಯ್ಸಳರ ಕಾಲದ ಬಸದಿಯನ್ನೇ ನೋಡಿ. ಕಲ್ಲು ಕಪ್ಪಾಗಿದೆ ಅಂತ ಯಾರಾದರೂ ಅದಕ್ಕೆ ಎನಾಮಲ್ ಪೇಂಟ್ ಹೊಡೆದರೆ ನಾವು ಸುಮ್ಮನಿರ್ತೀವಾ? ಸೋರೋ ಕಡೆ ರಿಪೇರಿ ಮಾಡಿ ಅಂತೀವಿ, ಕೆತ್ತನೆ ಮುಟ್ಟಬೇಡಿ ಅಂತೀವಿ.

ಹಾಗಂತ ಏನೂ ಮುಟ್ಟಲೇಬಾರದು ಅಂತಲ್ಲ. ಹೊರಗಿನ ಮುಖ ಬೇರೆ, ಒಳಗಿನ ಯಂತ್ರ ಬೇರೆ. ಒಳಗಿನ ಎಣ್ಣೆ ವರ್ಷಗಳಾದ ಮೇಲೆ ಒಣಗುತ್ತೆ. ಒಣಗಿದ ವಾಚಿಗೆ ಕೀ ಕೊಟ್ಟು ಓಡಿಸಿದರೆ ಹಲ್ಲು, ಅಚ್ಚು ಸವೆಯುತ್ತೆ. ಅದಕ್ಕೆ ಬಿಚ್ಚಿ, ತೊಳೆದು, ಎಣ್ಣೆ ಹಾಕಿಸೋದು ರಿಪೇರಿ, ಮೋಸ ಅಲ್ಲ. ಪ್ಲಾಸ್ಟಿಕ್ ಗಾಜು ಒಡೆದಿದ್ದರೆ ಬದಲಾಯಿಸಿ, ಬೆಲ್ಟಂತೂ ಹೇಗೂ ಹೊಸದೇ. ಮಾಡಿದ್ದನ್ನ ಕೊಳ್ಳೋರಿಗೆ ಹೇಳಿಬಿಡಿ. ಹಳೇ ಭಾಗ ಏನೇ ತೆಗೆದರೂ ಒಂದು ಕವರಿಗೆ ಹಾಕಿ ವಾಚಿನ ಜೊತೆಗೇ ಕೊಡಿ.

ಅಣ್ಣನ ಮಾತಲ್ಲೂ ಸತ್ಯ ಇಲ್ಲದೆ ಇಲ್ಲ. ಕಟ್ಟಿಕೊಂಡು ಓಡಾಡೋ ಹುಡುಗನಿಗೆ ಹೊಳೆಯೋ ಡಯಲ್ಲೇ ಇಷ್ಟ ಆಗಬಹುದು. ನೀರು ಹೋಗಿ ಅಂಕಿಯೇ ಕಾಣದ ವಾಚಿಗೆ ಹೊಸ ಡಯಲ್ ಹಾಕಿಸಿದರೆ ನನ್ನ ತಕರಾರಿಲ್ಲ. ರೀಡಯಲ್ ಮಾಡೋರೂ ಹೊಟ್ಟೆಪಾಡಿಗೇ ಮಾಡೋದು. ಆದರೆ ಅದನ್ನ "ಒರಿಜಿನಲ್" ಅಂತ ಮಾರೋದಿದೆಯಲ್ಲ, ಅಲ್ಲಿ ನನಗೆ ಸಿಟ್ಟು ಬರುತ್ತೆ. ಮತ್ತೆ, ಹೊಸ ಬಣ್ಣ ಬೇಕು ಅಂದವನು ನಾಳೆ ಹಾಕಿಸಿಕೊಳ್ಳಬಹುದು. ಹಳೇದು ಬೇಕು ಅಂದವನಿಗೆ ನಾವು ಅಳಿಸಿದ್ದನ್ನ ವಾಪಸ್ ತಂದುಕೊಡೋಕೆ ಆಗಲ್ಲ. ಹಾಗಾಗಿ ಮಾರೋನು ಕೈ ಕಟ್ಟಿಕೊಂಡು ಕೂರೋದೇ ವಾಸಿ.

ಕೊನೆಗೆ ಗುಬ್ಬಿಯಲ್ಲಿ ಪರಿಚಯದ ವಯಸ್ಸಾದ ರಿಪೇರಿಯವರ ಹತ್ತಿರ ಹಿಂದಿನ ಮುಚ್ಚಳ ತೆಗೆಸಿದೆವು. ಒಳಗೆ ಸೂಜಿಯಲ್ಲಿ ಗೀಚಿದ ಸಣ್ಣ ಸಣ್ಣ ಗುರುತು, ತಾರೀಖು. ಒಂದೊಂದು ಸಲ ಸರ್ವಿಸ್ ಆದಾಗಲೂ ಒಬ್ಬೊಬ್ಬರು ಬರೆದದ್ದು. ಅವರು ಕಣ್ಣಿಗೆ ಭೂತಗನ್ನಡಿ ಏರಿಸಿ ನೋಡಿ, "ಇದರಲ್ಲಿ ಎರಡು ನನ್ನವೇ ಕಣಯ್ಯ" ಅಂದರು. ಅಣ್ಣ ಆಮೇಲೆ ಪಾಲಿಷ್ ಮಾತೆತ್ತಲಿಲ್ಲ.

ಎಣ್ಣೆ ಮಾತ್ರ ಹಾಕಿಸಿದ್ದೀವಿ. ಈಗ ಟಿಕ್ ಟಿಕ್ ಅಂತಿದೆ. ಡಯಲ್ ಅರಿಶಿನ ಆಗಿಯೇ ಇದೆ. ಇರೋದನ್ನ ಇದ್ದ ಹಾಗೆ ಹೇಳಿ ಮಾರ್ತೀನಿ, ಕಮ್ಮಿ ಬಂದರೆ ಬರಲಿ. ಬಸ್ ಚಾರ್ಜು ನಾನು ಕೊಡ್ತೀನಿ :)

ನಿಮ್ಮ ಮನೆ ಬೀರುವಿನಲ್ಲೂ ಒಂದು ಜನತಾನೋ ಕಾಂಚನ್ನೋ ಇದ್ದೇ ಇರುತ್ತೆ. ನೀವಾಗಿದ್ದರೆ ಏನು ಮಾಡ್ತಿದ್ರಿ?