ಬಲೆ ತುಂಬಿದ್ದಾಗಲೇ ಬರಿದಾದ ಕಡಲು

ಪ್ರಕೃತಿಯಲ್ಲಿ ದೊಡ್ಡ ಹಾನಿಯೊಂದು ಬಯಲಾದ ಮೇಲೆ, ನೋಡುತ್ತಿದ್ದವರು ಇಷ್ಟು ಕಾಲ ಏನು ಮಾಡುತ್ತಿದ್ದರೆಂದು ಕೇಳುವುದು ವಾಡಿಕೆ. ಅವರು ನಿದ್ರಿಸುತ್ತಿದ್ದರೆಂದು ನಾವು ಭಾವಿಸುವುದಿಲ್ಲ. ಅನೇಕ ವೇಳೆ ಅವರು ಶ್ರದ್ಧೆಯಿಂದಲೇ ಎಣಿಸುತ್ತಿರುತ್ತಾರೆ; ಎಣಿಸಲು ಆರಿಸಿಕೊಂಡ ಸ್ಥಳವೇ ಅವರ ಕಣ್ಣನ್ನು ಕಟ್ಟಿರುತ್ತದೆ.

ಕೆನಡಾ ದೇಶದ ಪೂರ್ವ ತೀರದ ನ್ಯೂಫೌಂಡ್‌ಲೆಂಡಿನ ಕಡಲು ಕಾಡ್ ಎಂಬ ಮೀನಿಗೆ ಶತಮಾನಗಳಿಂದ ಹೆಸರಾಗಿದ್ದಿತು. 1968ರಲ್ಲಿ ಅಲ್ಲಿ ಹಿಡಿದ ಕಾಡ್ ಸುಮಾರು 8 ಲಕ್ಷ ಟನ್ನು. ಇದು ಅತಿಯಾಯಿತೆಂದು ಬೇಗನೆ ತಿಳಿಯಿತು. 1977ರಲ್ಲಿ ಕೆನಡಾ ತನ್ನ ಮೀನುಗಾರಿಕೆಯ ಎಲ್ಲೆಯನ್ನು 200 ನಾವಿಕ ಮೈಲಿಗಳಿಗೆ ವಿಸ್ತರಿಸಿ ಪರದೇಶದ ಹಡಗುಗಳನ್ನು ಬಹುಮಟ್ಟಿಗೆ ಹೊರಗಿಟ್ಟಿತು. ಇನ್ನು ಮೀನು ಹೆಚ್ಚುವುದೆಂದು ಎಲ್ಲರೂ ನಂಬಿದರು.

ಹೆಚ್ಚುತ್ತಿದೆಯೇ ಎಂದು ತಿಳಿಯಲು ತಜ್ಞರಿಗೆ ಎರಡು ಅಳತೆಗಳಿದ್ದವು. ಸಂಶೋಧನೆಯ ಹಡಗು ಗೊತ್ತುಗುರಿಯಿಲ್ಲದೆ ಆರಿಸಿದ ಸ್ಥಳಗಳಲ್ಲಿ ಬಲೆಯೆಳೆದು ಲೆಕ್ಕ ತರುತ್ತಿದ್ದುದು ಒಂದು. ವ್ಯಾಪಾರದ ಹಡಗುಗಳಿಗೆ ಗಂಟೆಯೊಂದಕ್ಕೆ ಸಿಕ್ಕ ಮೀನಿನ ಲೆಕ್ಕ ಇನ್ನೊಂದು. ಮೊದಲನೆಯದು ವರ್ಷದಿಂದ ವರ್ಷಕ್ಕೆ ಏರುಪೇರಾಗುತ್ತಿದ್ದಿತು. ಎರಡನೆಯದು ಸ್ಥಿರವಾಗಿಯೂ ಆಶಾದಾಯಕವಾಗಿಯೂ ಇದ್ದಿತು. ಇಂಥ ಅಂಕಿಯ ಕಡೆಗೆ ಮನಸ್ಸು ವಾಲುವುದು ಸಹಜವೇ ಸರಿ.

ಆದರೆ ವ್ಯಾಪಾರದ ಹಡಗಿನ ನಾಯಕನು ಕಡಲನ್ನು ಅಳೆಯಲು ಹೋದವನಲ್ಲ, ಮೀನಿರುವಲ್ಲಿಗೇ ಹೋದವನು. ಸಂಖ್ಯೆ ಕುಗ್ಗಿದಂತೆ ಕಾಡ್ ಮೀನು ಕಡಲಿನ ಎಲ್ಲೆಡೆಯೂ ಸಮನಾಗಿ ವಿರಳವಾಗಲಿಲ್ಲ. ಉಳಿದದ್ದು ಕೆಲವೇ ಸ್ಥಳಗಳಲ್ಲಿ ಒತ್ತಾಗಿ ನೆರೆಯಿತು. ಪ್ರತಿಧ್ವನಿಯಿಂದ ಮೀನನ್ನು ಹುಡುಕುವ ಯಂತ್ರವು ಆ ಗುಂಪುಗಳನ್ನು ತೋರಿಸಿಕೊಟ್ಟಿತು. ಬಲೆ ಎಂದಿನಂತೆಯೇ ತುಂಬಿತು. ಅಳೆದದ್ದು ಕಡಲಿನ ಸಂಪತ್ತನ್ನಲ್ಲ, ನಾಯಕನ ಜಾಣ್ಮೆಯನ್ನು!

ದಡದ ಬೆಸ್ತರ ಮಾತು ಬೇರೆಯಾಗಿದ್ದಿತು. ಅವರ ಬಲೆಗಳು ಒಂದೆಡೆ ನೆಲೆನಿಂತು, ಬೇಸಿಗೆಯಲ್ಲಿ ಮೀನು ತಾನಾಗಿ ಬರುವುದನ್ನು ಕಾಯುತ್ತವೆ. ಮೀನು ಕಡಿಮೆಯಾಗಿದೆ, ಬಂದದ್ದೂ ಚಿಕ್ಕದು ಎಂದು ಅವರು 1980ರ ದಶಕದ ನಡುವಿನಿಂದಲೇ ದೂರಿದರು. ನೀರು ತಣ್ಣಗಿರುವುದರಿಂದ ಮೀನು ದಡಕ್ಕೆ ಬಂದಿಲ್ಲವೆಂಬ ಸಮಾಧಾನ ಅವರಿಗೆ ದೊರೆಯಿತು. ಜುಲೈ 2, 1992ರಂದು ಸರ್ಕಾರವು ಕಾಡ್ ಹಿಡಿಯುವುದನ್ನೇ ನಿಲ್ಲಿಸಿತು. ಸುಮಾರು 30 ಸಾವಿರ ಜನರ ಜೀವನೋಪಾಯ ಹೋಯಿತು. ಎರಡು ವರ್ಷಕ್ಕೆಂದು ಹಾಕಿದ ನಿಷೇಧವನ್ನು ತೆಗೆದದ್ದು 2024ರಲ್ಲಿ.

ಇದು ಕಡಲಿಗೆ ಮಾತ್ರ ಸೇರಿದ ಸಂಗತಿಯಲ್ಲ. ನಮ್ಮ ದೇಶದ ರಣಹದ್ದುಗಳೂ ನೆರೆಯುವ ಜೀವಿಗಳೇ. ಸತ್ತ ದನವೊಂದರ ಸುತ್ತ ಅವು ಬಹುದೂರದಿಂದ ಬಂದಿಳಿಯುತ್ತವೆ. ಸುತ್ತಲಿನ ಸೀಮೆಯಲ್ಲಿ ಅರ್ಧದಷ್ಟು ಸತ್ತಿದ್ದರೂ ಹೆಣದ ಬಳಿ ಗುಂಪು ಕಾಣುತ್ತದೆ, ನೋಡಿದವನು ನಿಶ್ಚಿಂತನಾಗುತ್ತಾನೆ. ಅವುಗಳ ಅಳಿವನ್ನು ಗುರುತಿಸಿದ ವಿಭು ಪ್ರಕಾಶರು ಭರತಪುರದ ಕೇವಲಾದೇವ ಉದ್ಯಾನದಲ್ಲಿ 1980ರ ದಶಕದಲ್ಲಿಯೂ 1990ರ ದಶಕದಲ್ಲಿಯೂ ಗೂಡುಗಳನ್ನು ಎಣಿಸಿದ್ದರೆಂಬುದನ್ನು ವಾಚಕರು ಗಮನಿಸಬೇಕು. ಗೂಡು ದನದ ಹಿಂದೆ ಹಾರಿಹೋಗುವುದಿಲ್ಲವಷ್ಟೆ. ದನಗಳ ನೋವಿಗೆ ಕೊಡುವ ಡೈಕ್ಲೋಫೆನಾಕ್ ಎಂಬ ಔಷಧಿಯು ಹದ್ದಿನ ಮೂತ್ರಪಿಂಡವನ್ನು ಕೆಡಿಸುತ್ತದೆಂದು ಪ್ರಕಟವಾದದ್ದು 2004ರಲ್ಲಿ. ಪಶುಗಳಿಗೆ ಅದರ ಬಳಕೆ ನಿಂತದ್ದು 2006ರ ನಿಷೇಧದಿಂದ, ಅದೂ ಪೂರ್ತಿಯಾಗಿ ಅಲ್ಲ. 1992ರಿಂದ 2007ರೊಳಗೆ ಬಿಳಿಬೆನ್ನಿನ ರಣಹದ್ದು ನೂರಕ್ಕೆ 99.9ರಷ್ಟು ನಶಿಸಿದ್ದಿತು. ವರ್ಷಕ್ಕೆ ಒಂದೇ ಮೊಟ್ಟೆಯಿಡುವ ಹಕ್ಕಿಯದು ಬೇಗ ತುಂಬಿಬರುವ ನಷ್ಟವಲ್ಲ.

ಆದುದರಿಂದ, ಹೇರಳವಾಗಿರುವುದನ್ನು ಹೇರಳವಾಗಿರುವಾಗಲೇ, ಗೊತ್ತಾದ ಸ್ಥಳಗಳಲ್ಲಿ, ಏನೂ ಸಿಗದ ಸ್ಥಳವನ್ನೂ ಬಿಡದೆ ಎಣಿಸಬೇಕೆಂಬುದು ನಮ್ಮ ಅಭಿಪ್ರಾಯ. ಇದು ನೀರಸವಾದ ಕೆಲಸ. ಹೋದ ವರ್ಷದಷ್ಟೇ ಈ ವರ್ಷವೂ ಇದೆಯೆಂಬ ವರದಿಗೆ ಮನ್ನಣೆಯೂ ಹಣವೂ ಸುಲಭವಾಗಿ ದೊರೆಯುವುದಿಲ್ಲ. ನಮ್ಮ ಶಾಲೆಗಳ ವಿಜ್ಞಾನ ಸಂಘಗಳಾದರೂ ಇದನ್ನು ಕೈಗೊಳ್ಳಬಹುದು. ಊರಿನ ಹತ್ತು ಮರಗಳನ್ನು ಗುರುತುಮಾಡಿ, ಪ್ರತಿವರ್ಷವೂ ಅದೇ ವಾರದಲ್ಲಿ ಅವುಗಳ ಮೇಲಿರುವ ಕಾಗೆಯ ಗೂಡುಗಳನ್ನು ಬರೆದಿಡಲಿ. ಗೂಡಿಲ್ಲದ ಮರದ ಮುಂದೆ ಸೊನ್ನೆಯನ್ನು ಬರೆಯುವುದನ್ನು ಮಾತ್ರ ಮರೆಯದಿರಲಿ.