ಗುಂಬಜ್ ದೊಡ್ಡದಾದರೆ ಮಸೀದಿ ದೊಡ್ಡದಾಗುವುದೇ?

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳಲ್ಲಿ ಜನವಸತಿ ಬೆಳೆದಂತೆ ಹಳೆಯ ಮಸೀದಿಗಳು ಜುಮಾ ನಮಾಝಿಗೆ ಸಾಲದಾಗುತ್ತಿವೆ. ವಿಶಾಲವಾದ ಮಸೀದಿ ಬೇಕೆಂಬ ಬಯಕೆ ಸಹಜವೂ ಸ್ತುತ್ಯರ್ಹವೂ ಆಗಿದೆ. ಆದರೆ ನಾವು ಪಾಲ್ಗೊಂಡ ಅಂತಹ ಸಭೆಯೊಂದರಲ್ಲಿ ನಕ್ಷೆ ಬಿಚ್ಚಿದೊಡನೆ ಕೇಳಿಬಂದ ಮೊದಲ ಪ್ರಶ್ನೆ, ಮಿನಾರಿನ ಎತ್ತರವೆಷ್ಟು ಎಂಬುದು. ಮಹಿಳೆಯರಿಗೆ ಸ್ಥಳವೆಲ್ಲಿ, ವುಝೂವಿನ ನೀರು ಎಲ್ಲಿಗೆ ಹರಿಯುತ್ತದೆ ಎಂದು ಯಾರೂ ಕೇಳಲಿಲ್ಲ. ನಾವೂ ಕೇಳಲಿಲ್ಲ. ಆ ಮೌನದ ಲಜ್ಜೆಯೇ ಈ ಬರಹಕ್ಕೆ ಕಾರಣ.

ಮದೀನಾದಲ್ಲಿ ಪ್ರವಾದಿ(ಸ)ರವರು ಕಟ್ಟಿದ ಮಸೀದಿಗೆ ಹಸಿ ಇಟ್ಟಿಗೆಯ ಗೋಡೆ, ಖರ್ಜೂರದ ಕಾಂಡದ ಕಂಬ, ಗರಿಯ ಸೂರು. ಮಳೆ ಬಂದಾಗ ಅದು ಸೋರುತ್ತಿತ್ತು. ಗುಂಬಜ್ ಇರಲಿಲ್ಲ, ಮಿನಾರ್ ಇರಲಿಲ್ಲ. ಆದರೆ ಅಲ್ಲಿ ಮಹಿಳೆಯರು ನಮಾಝ್ ಮಾಡಿದರು, ಬಡ ಸಹಾಬಿಗಳು ಸುಫ್ಫಾದಲ್ಲಿ ತಂಗಿ ವಿದ್ಯೆ ಕಲಿತರು.

ಹಾಗೆಂದು ಸೌಂದರ್ಯವು ನಿಷಿದ್ಧವೆಂದು ನಾವು ಹೇಳುತ್ತಿಲ್ಲ. ಕಲಬುರಗಿ ಕೋಟೆಯ ಜಾಮಿಯಾ ಮಸೀದಿಯನ್ನು ನೋಡಿ. 1367ರಲ್ಲಿ ಅದನ್ನು ಕಟ್ಟಿದವರು ತೆರೆದ ಅಂಗಳದ ವಾಡಿಕೆಯನ್ನೇ ಬದಿಗಿಟ್ಟು ಇಡೀ ಮಸೀದಿಗೆ ಛಾವಣಿ ಹೊದಿಸಿದರು. ಬದಿಗಳ ಅಗಲವಾದ ಕಮಾನುಗಳಿಂದ ಬೆಳಕು, ಗಾಳಿ ಒಳಬರುವಂತೆ ಮಾಡಿದರು. ವಿಜಯಪುರದ ಜಾಮಿಯಾ ಮಸೀದಿಯಲ್ಲಿ ವಿಶಾಲವಾದ ಅಂಗಳವೂ ಇದೆ, ಭವ್ಯವಾದ ಗುಂಬಜೂ ಇದೆ. ಎರಡೂ ನಮ್ಮ ನಾಡಿನ ಮಸೀದಿಗಳೇ.

ಇಸ್ಲಾಮಾಬಾದಿನ ಫೈಸಲ್ ಮಸೀದಿಗೆ ತುರ್ಕಿಯ ವಾಸ್ತುಶಿಲ್ಪಿ ವೇದಾತ್ ದಲೊಕಾಯ್ ಗುಂಬಜಿನ ಬದಲು ಡೇರೆಯ ರೂಪ ಕೊಟ್ಟರು. 1986ರಲ್ಲಿ ಪೂರ್ಣಗೊಂಡ ಅದು ಇಂದು ಆ ನಗರದ ಗುರುತೇ ಆಗಿದೆ. ಢಾಕಾದಲ್ಲಿ ಮರೀನಾ ತಬಸ್ಸುಮ್ ತಮ್ಮ ಅಜ್ಜಿ ದಾನವಿತ್ತ ನೆಲದಲ್ಲಿ ಬೈತುರ್ರೂಫ್ ಮಸೀದಿಯನ್ನು ಇಟ್ಟಿಗೆಯ ಗೋಡೆಗಳಿಂದ ರೂಪಿಸಿದರು. ಗುಂಬಜ್, ಮಿನಾರ್ ಯಾವುದೂ ಇಲ್ಲ. ಛಾವಣಿಯ ರಂಧ್ರಗಳಿಂದ ಬಿಸಿಲು ಬೊಟ್ಟುಗಳಾಗಿ ಸಫ್‌ಗಳ ಮೇಲೆ ಬೀಳುತ್ತದೆ. 2016ರಲ್ಲಿ ಅದಕ್ಕೆ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಸಂದಿತು.

ಗುಂಬಜ್ ನಮ್ಮ ಗುರುತಲ್ಲವೇ ಎಂದು ಹಿರಿಯರು ಕೇಳಬಹುದು. ಅವರ ಭಾವನೆಯನ್ನು ಗೌರವಿಸುತ್ತೇವೆ, ಗುಂಬಜ್ ಇರಲಿ. ಆದರೆ ಅದು ಕೊನೆಯ ಪ್ರಶ್ನೆಯಾಗಲಿ. ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಕೊಳವೆಬಾವಿಗಳು ಸಾವಿರ ಅಡಿ ದಾಟಿವೆ. ಹರಿಯುವ ನದಿಯ ದಡದಲ್ಲಿದ್ದರೂ ವುಝೂವಿನಲ್ಲಿ ನೀರು ಪೋಲು ಮಾಡಬಾರದೆಂಬ ಬೋಧನೆಯನ್ನು ಮಕ್ಕಳಿಗೆ ಕಲಿಸುವ ನಾವು, ಅದೇ ನೀರನ್ನು ಚರಂಡಿಗೆ ಬಿಡುವುದು ಹೇಗೆ ಸರಿ? ವುಝೂವಿನ ನೀರು ಗಿಡಗಳಿಗೆ ಹರಿಯಲಿ, ಛಾವಣಿಯ ಮಳೆನೀರು ಇಂಗುಗುಂಡಿಗೆ ಇಳಿಯಲಿ. ಹಗಲಿನಲ್ಲಿ ದೀಪ ಬೇಡದಷ್ಟು ಕಿಟಕಿಗಳಿರಲಿ. ಮೊಣಕಾಲು ನೋವಿನ ವೃದ್ಧರು ಮೆಟ್ಟಿಲಿಲ್ಲದೆ ಒಳಬರುವಂತಾಗಲಿ. ಪ್ರಯಾಣದಲ್ಲಿರುವ ನಮ್ಮ ಸೋದರಿ ನಮಾಝಿನ ವೇಳೆಯಾದಾಗ ಬಾಗಿಲಿನಿಂದ ಹಿಂದಿರುಗದಿರಲಿ.

ಜಮಾಅತಿನ ಚಂದಾದಲ್ಲಿ ಕೂಲಿಕಾರನ ಹತ್ತು ರೂಪಾಯಿಯೂ ಇರುತ್ತದೆ. ಅದು ಸಿಮೆಂಟಿನ ಎತ್ತರಕ್ಕೆ ಸಂದಿತೋ, ನಮಾಝ್ ಮಾಡುವವರ ನೆಮ್ಮದಿಗೆ ಸಂದಿತೋ ಎಂಬ ಲೆಕ್ಕವನ್ನು ನಾವು ಒಪ್ಪಿಸಲೇಬೇಕಾಗಿದೆ. ಮುಂದಿನ ಸಭೆಯಲ್ಲಿ ನಕ್ಷೆ ಬಿಚ್ಚಿದಾಗ ಮೊದಲ ಪ್ರಶ್ನೆಯನ್ನು ಬದಲಿಸೋಣ. ತಕ್ವಾದ ಬುನಾದಿಯ ಮೇಲೆ ಮಸೀದಿ ಕಟ್ಟುವ ಭಾಗ್ಯವನ್ನು ಅಲ್ಲಾಹನು ನಮಗೆ ಕರುಣಿಸಲಿ, ಆಮೀನ್.