ಅನ್ನವಿದ್ದೂ ಉಪವಾಸ

ಅನ್ನವಿಲ್ಲದೆ ಉಪವಾಸ ಬಿದ್ದವರ ಮಾತು ಈ ಅಂಕಣಕ್ಕೆ ಹೊಸದಲ್ಲ. ಈ ವಾರ ನಾವು ಅನ್ನವಿದ್ದೂ ಉಪವಾಸ ಬೀಳುತ್ತಿರುವ ಮಕ್ಕಳ ವಿಷಯವನ್ನು ಎತ್ತಿಕೊಂಡಿದ್ದೇವೆ. ಕೂಲಿಯ ದರ, ನ್ಯಾಯಬೆಲೆ ಅಂಗಡಿಯ ಅಕ್ಕಿ, ಬಗರ್‌ಹುಕುಂ ಜಮೀನಿನ ಅರ್ಜಿ – ಇಷ್ಟೆಲ್ಲ ಇರುವಾಗ, ತೆಳ್ಳಗಾಗಬೇಕೆಂದು ತಟ್ಟೆ ಸರಿಸುವ ಹುಡುಗಿಯರ ಗೋಳು ನಮಗೇಕೆ, ಅದು ಪಟ್ಟಣದ ಉಳ್ಳವರ ಖಯಾಲಿಯಲ್ಲವೆ ಎಂದು ಓದುಗರಲ್ಲಿ ಕೆಲವರಾದರೂ ಕೇಳಿಯಾರು. ಕೇಳತಕ್ಕ ಪ್ರಶ್ನೆಯೇ. ಆದರೆ ಇದು ಖಯಾಲಿಯಲ್ಲ, ಕಾಯಿಲೆ, ಕೊಲ್ಲುವ ಕಾಯಿಲೆ. ಉಳ್ಳವರ ಮನೆಯ ಬಾಗಿಲನ್ನೇ ಹುಡುಕಿಕೊಂಡು ಹೋಗುವ ಕಾಯಿಲೆಯೂ ಅಲ್ಲ. ಇಷ್ಟನ್ನು ಒಪ್ಪಿಕೊಂಡಲ್ಲದೆ ಮುಂದಿನ ಮಾತಿಲ್ಲ.

ತನ್ನ ದೇಹದ ಮೇಲೆ ತನಗೇ ಹಗೆ ಹುಟ್ಟಿ, ದಿನದಿನಕ್ಕೆ ಊಟ ಕುಗ್ಗಿಸುತ್ತ ಸವೆದುಹೋಗುವ ಈ ರೋಗವನ್ನು ವೈದ್ಯರು ಅನೊರೆಕ್ಸಿಯಾ ಎನ್ನುತ್ತಾರೆ. ಲಂಡನ್ನಿನ ವಿಲಿಯಂ ಗಲ್, ಪ್ಯಾರಿಸ್ಸಿನ ಶಾರ್ಲ್ ಲಾಸೆಗ್ ಎಂಬ ಇಬ್ಬರು ವೈದ್ಯರು ೧೮೭೩ರಷ್ಟು ಹಿಂದೆಯೇ ಇದರ ಲಕ್ಷಣಗಳನ್ನು ಬೇರೆಬೇರೆಯಾಗಿ ವಿವರಿಸಿದ್ದರು. ಹೊಟ್ಟೆ ಬಿರಿಯೆ ತಿಂದು, ನಾಚಿ, ತಿಂದುದನ್ನು ಮೈಯಲ್ಲಿ ನಿಲ್ಲಗೊಡದ ಇನ್ನೊಂದು ಬಗೆಗೆ ೧೯೭೯ರಲ್ಲಿ ಜೆರಾಲ್ಡ್ ರಸೆಲ್ ಎಂಬ ವೈದ್ಯರು ಬುಲಿಮಿಯಾ ಎಂದು ಹೆಸರಿಟ್ಟರು. ಮಾನಸಿಕ ಕಾಯಿಲೆಗಳಲ್ಲಿ ಸಾವು ಅತಿ ಹೆಚ್ಚಾಗಿರುವವುಗಳ ಪೈಕಿ ಅನೊರೆಕ್ಸಿಯಾ ಒಂದು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ೨೦೧೧ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಈ ರೋಗಿಗಳಲ್ಲಿ ಸತ್ತ ಐವರ ಪೈಕಿ ಒಬ್ಬರದು ಆತ್ಮಹತ್ಯೆಯೆಂದು ಕಂಡುಬಂತು. ಊಟದ ಕಾಯಿಲೆಗೆ ಸಿಕ್ಕಿದವರಲ್ಲಿ ಸುಮಾರು ಕಾಲುಭಾಗದಷ್ಟು ಮಂದಿ, ಸಾಯುವ ಉದ್ದೇಶವಿಲ್ಲದೆಯೂ, ಒಂದಲ್ಲ ಒಂದು ಕಾಲದಲ್ಲಿ ತಮ್ಮ ಮೈಯನ್ನು ತಾವೇ ಗಾಯಗೊಳಿಸಿಕೊಂಡವರು. ಊಟ ಬಿಡುವುದು, ಮೈಗೆ ಗಾಯ ಮಾಡಿಕೊಳ್ಳುವುದು – ಇವೆರಡನ್ನೂ ಬೇರೆಬೇರೆ ಹುಚ್ಚಾಟಗಳೆಂದು ಕಾಣುವ ನಮ್ಮ ರೂಢಿ ತಪ್ಪು. ಎರಡರ ಬೇರೂ ಅನೇಕ ಸಲ ಒಂದೇ.

ಹಸಿವು ಮನಸ್ಸಿಗೆ ಏನು ಮಾಡುತ್ತದೆಂಬುದಕ್ಕೆ ದೊಡ್ಡದೊಂದು ಸಾಕ್ಷ್ಯವಿದೆ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, ಹಸಿದು ಕಂಗಾಲಾದ ಯೂರೋಪಿನ ಜನಕ್ಕೆ ಮತ್ತೆ ಉಣ್ಣಿಸುವ ಬಗೆ ತಿಳಿಯಲೆಂದು ಅಮೆರಿಕದ ಮಿನಸೋಟ ವಿಶ್ವವಿದ್ಯಾನಿಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಒಂದು ಪ್ರಯೋಗ ನಡೆಸಿದರು. ಕೊಲ್ಲುವ ಕೆಲಸಕ್ಕೆ ಮನಸ್ಸಾಕ್ಷಿ ಒಪ್ಪದೆ ಸೈನ್ಯ ಸೇರದಿದ್ದ ೩೬ ಮಂದಿ ಗಟ್ಟಿಮುಟ್ಟಾದ ತರುಣರು ತಾವಾಗಿ ಮುಂದೆ ಬಂದರು. ೧೯೪೫ರಲ್ಲಿ ಆರು ತಿಂಗಳ ಕಾಲ ಅವರಿಗೆ ಅರೆಹೊಟ್ಟೆ. ಅವರಿಗೆ ತೆಳ್ಳಗಾಗುವ ಹಂಬಲವಿರಲಿಲ್ಲ. ಕನ್ನಡಿಯ ಚಿಂತೆಯೂ ಇರಲಿಲ್ಲ. ಆದರೂ ಬರಬರುತ್ತ ಅವರ ತಲೆಯಲ್ಲಿ ಊಟವೊಂದೇ ಉಳಿಯಿತು. ಅಡಿಗೆಯ ಪುಸ್ತಕ ಓದುತ್ತ ಕುಳಿತರು, ತಟ್ಟೆಯಲ್ಲಿದ್ದ ಇಷ್ಟನ್ನೇ ಬಹಳ ಹೊತ್ತು ಎಳೆದಾಡುತ್ತ ತಿಂದರು, ಗೆಳೆಯರನ್ನು ದೂರ ಮಾಡಿದರು, ಸಣ್ಣ ಮಾತಿಗೂ ಸಿಡುಕಿದರು, ಖಿನ್ನತೆಯಲ್ಲಿ ಮುಳುಗಿದರು. ಊಟ ಹೆಚ್ಚಿಸಿದ ಮೇಲೂ ಮನಸ್ಸು ಕೂಡಲೇ ತಿಳಿಯಾಗಲಿಲ್ಲ. ಆ ದಿನಗಳಲ್ಲೇ ಒಬ್ಬನು ತನ್ನ ಕೈಯನ್ನು ತಾನೇ ಊನ ಮಾಡಿಕೊಂಡ. ಅದು ಕೈತಪ್ಪಿ ಆದುದೋ, ಬೇಕೆಂದು ಮಾಡಿಕೊಂಡುದೋ ಎಂಬುದನ್ನು ಅವನಿಗೇ ಹೇಳಲಾಗಲಿಲ್ಲ.

ಇದರ ಅರ್ಥವೇನು? ಉಪವಾಸಕ್ಕೆ ಕಾರಣ ಬರಗಾಲವಾಗಲಿ, ಬಡತನವಾಗಲಿ, ನಾಚಿಕೆಯಾಗಲಿ, ಹಸಿದ ಮಿದುಳಿಗೆ ಅದೆಲ್ಲ ಒಂದೇ. ಊಟ ಬಿಟ್ಟ ಹುಡುಗಿಯ ಹಟ, ಸಿಡುಕು, ಏಕಾಂತ, ತನ್ನ ಮೇಲೆ ತನಗೇ ಹುಟ್ಟಿದ ಕೋಪ – ಇವುಗಳಲ್ಲಿ ಬಹುಪಾಲು ಅವಳ ಗುಣವಲ್ಲ, ಹಸಿವಿನ ಗುಣ. ಆದ್ದರಿಂದ 'ಸೊಕ್ಕು', 'ನಾಟಕ' ಎಂದು ಜರೆಯುವುದು ಜ್ವರ ಬಂದವನನ್ನು ಮೈ ಏಕೆ ಸುಡುತ್ತಿದೆಯೆಂದು ಗದರಿದಂತೆ. ತೋಳಿನ ಮೇಲಿನ ಗಾಯವನ್ನು ಮುಚ್ಚಿಕೊಳ್ಳಲು ಸೆಕೆಯಲ್ಲೂ ಉದ್ದ ತೋಳಿನ ಅಂಗಿ ತೊಡುವ ಮಗುವು ಯಾರ ಮುಂದೆ ನಾಟಕವಾಡುತ್ತಿದೆ? ತಡೆಯಲಾಗದ ಸಂಕಟವನ್ನು ಒಂದು ಗಳಿಗೆಯ ಮಟ್ಟಿಗೆ ತಗ್ಗಿಸಲು, ಇಲ್ಲವೆ ತನಗೆ ತಾನೇ ಶಿಕ್ಷೆ ಕೊಟ್ಟುಕೊಳ್ಳಲು ಮಕ್ಕಳು ಹೀಗೆ ಮಾಡುತ್ತಾರೆಂದು ಮನೋವೈದ್ಯರು ತಿಳಿಸುತ್ತಾರೆ. ಅದರಿಂದ ಸಂಕಟ ಹೋಗುವುದಿಲ್ಲ, ಮತ್ತಷ್ಟು ಬೆಳೆಯುತ್ತದೆ.

ಹಾಗಾದರೆ ಮೊದಲ ತುತ್ತನ್ನು ಬಿಡಿಸಿದವರು ಯಾರು? ಒಂದೇ ಕಾರಣ ಹೇಳಿದರೆ ಸುಳ್ಳಾದೀತು. ವಂಶದಿಂದ ಬಂದ ಒಲವುಂಟು, ಹುಟ್ಟುಸ್ವಭಾವವುಂಟು, ಪಟ್ಟ ಪಾಡುಂಟು. ಆದರೆ ಹೊರಗಿನ ಕೈವಾಡವನ್ನು ಬಿಚ್ಚಿ ತೋರಿಸುವ ಒಂದು ನಿದರ್ಶನವನ್ನು, ಇದು ನಮ್ಮಂಥ ಊರಿಗೆ ಬಾರದ ರೋಗವೆಂದು ನಂಬಿದವರು ತಿಳಿಯಬೇಕು. ಪೆಸಿಫಿಕ್ ಸಾಗರದ ಫಿಜಿ ದ್ವೀಪದಲ್ಲಿ ಮೈದುಂಬಿದ ಹೆಣ್ಣೇ ಚೆಲುವೆ. ಹುಡುಗಿ ಇಳಿದುಹೋದರೆ ಅವಳನ್ನು ನೋಡಿಕೊಳ್ಳುವವರಿಲ್ಲವೆಂದು ನೆಂಟರಿಗೆ ಅವಮಾನ. ಅಲ್ಲಿಯ ನಂದ್ರೋಂಗ ಪ್ರಾಂತಕ್ಕೆ ೧೯೯೫ರಲ್ಲಿ ದೂರದರ್ಶನ ಬಂತು. ಹಾರ್ವರ್ಡಿನ ಆನ್ ಬೆಕರ್ ಎಂಬ ಸಂಶೋಧಕಿ ಆಗೊಮ್ಮೆ, ಮೂರು ವರ್ಷದ ಮೇಲೆ ೧೯೯೮ರಲ್ಲೊಮ್ಮೆ, ಪ್ರೌಢಶಾಲೆಯ ಹುಡುಗಿಯರನ್ನು ವಿಚಾರಿಸಿದರು. ತೂಕ ಇಳಿಸಲು ತಿಂದುದನ್ನು ಬೇಕೆಂದೇ ವಾಂತಿ ಮಾಡುವವರು ಮೊದಲ ಸಲ ಒಬ್ಬರೂ ಇರಲಿಲ್ಲ. ಎರಡನೆಯ ಸಲ ನೂರಕ್ಕೆ ೧೧ ಮಂದಿ. ತಾನು ಅತಿ ದಪ್ಪವೆಂದು ಆಗಾಗ ಅನ್ನಿಸುತ್ತದೆಂದವರು ನೂರಕ್ಕೆ ೭೪. ಅಧ್ಯಯನ ಸಣ್ಣದು, ಒಂದೊಂದು ಸಲಕ್ಕೂ ಅರುವತ್ತು ಚಿಲ್ಲರೆ ಹುಡುಗಿಯರು. ಆದರೆ ಅದು ಹೇಳುವ ಮಾತು ಸಣ್ಣದಲ್ಲ. ತಲೆತಲಾಂತರದ ಚೆಲುವಿನ ಕಲ್ಪನೆಯನ್ನು ಅಲುಗಿಸಲು ಪರದೆಗೆ ಮೂರು ವರ್ಷ ಸಾಕಾಯಿತು.

ಅಂದಿನ ಪರದೆ ಮನೆಯ ಮೂಲೆಯಲ್ಲಿತ್ತು. ಇಂದಿನದು ಹಾಸಿಗೆಯಲ್ಲಿ, ದಿಂಬಿನ ಕೆಳಗಿದೆ. ಫೇಸ್‌ಬುಕ್ ಕಂಪನಿಯಲ್ಲಿ ಕೆಲಸ ಮಾಡಿದ್ದ ಫ್ರಾನ್ಸೆಸ್ ಹೌಗನ್ ಎಂಬಾಕೆ ೨೦೨೧ರಲ್ಲಿ ಹೊರಗೆಡಹಿದ ಕಾಗದಗಳಲ್ಲಿ, ಹದಿಹರೆಯದ ಹುಡುಗಿಯರಲ್ಲಿ ಮೂವರಲ್ಲಿ ಒಬ್ಬಳಿಗೆ ದೇಹದ ಬಗೆಗಿನ ಕೊರಗನ್ನು ಇನ್‌ಸ್ಟಾಗ್ರಾಂ ಹೆಚ್ಚಿಸುತ್ತಿದೆಯೆಂದು ಕಂಪನಿಯವರೇ ಬರೆದುಕೊಂಡಿದ್ದರು. ಬರೆದುಕೊಂಡು, ವ್ಯಾಪಾರ ನಡೆಸಿದರು. ಕೊರಗು ಹುಟ್ಟಿಸಿ ಮದ್ದು ಮಾರುವುದು ಹೊಸ ಕಸುಬೇನಲ್ಲ. ೧೯೭೫ರಿಂದ ನಮ್ಮ ಹೆಣ್ಣುಮಕ್ಕಳ ಮೈಬಣ್ಣದ ಮೇಲೆ ಕೀಳರಿಮೆ ಹೇರುತ್ತ ಮಾರಾಟವಾದ 'ಫೇರ್ ಅಂಡ್ ಲವ್ಲಿ' ೨೦೨೦ರಲ್ಲಿ ತನ್ನ ಹೆಸರಿನ ಮೊದಲ ಪದವನ್ನಷ್ಟೆ ಬದಲಾಯಿಸಿತು. ತನ್ನ ಮೈಯಲ್ಲಿ ತೃಪ್ತಿಯಿಂದಿರುವ ಹುಡುಗಿ ಈ ವ್ಯಾಪಾರಕ್ಕೆ ನಷ್ಟ; ಅವಳು ತನ್ನನ್ನು ಹಳಿದುಕೊಂಡಷ್ಟೂ ಲಾಭ. ಹುಡುಗರೂ ಈ ಬಲೆಯಿಂದ ಹೊರಗಿಲ್ಲ. ಕಟ್ಟುಮಸ್ತಿನ ಮೈಯ ಆಸೆ ತೋರಿಸಿ ಪುಡಿ ಡಬ್ಬಿ ಮಾರುವವರು ತಾಲ್ಲೂಕು ಕೇಂದ್ರಗಳಿಗೂ ಬಂದಿದ್ದಾರೆ.

ಆದರೆ ಎಲ್ಲವನ್ನೂ ಕಂಪನಿಯ ತಲೆಗೆ ಕಟ್ಟಿ ನಾವು ಕೈತೊಳೆದುಕೊಳ್ಳುವಂತಿಲ್ಲ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು 'ಹುಡುಗಿ ಸ್ವಲ್ಪ ದಪ್ಪ' ಎಂದು ಹೋದದ್ದು, ಮದುವೆಯ ಮನೆಯಲ್ಲಿ ಅತ್ತೆಯೊಬ್ಬಳು 'ಏನೇ, ಹೀಗೆ ಊದಿದ್ದೀಯಲ್ಲ' ಎಂದು ನಕ್ಕದ್ದು, ತರಗತಿಯಲ್ಲಿ 'ಡುಮ್ಮಿ' ಎಂದು ಕರೆದದ್ದು – ಆಡಿದವರು ಮರೆಯುತ್ತಾರೆ, ಕೇಳಿದವಳು ಮರೆಯುವುದಿಲ್ಲ. ಇತ್ತ, ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ೧೫ರಿಂದ ೧೯ ವಯಸ್ಸಿನ ಹುಡುಗಿಯರಲ್ಲಿ ನೂರಕ್ಕೆ ೫೯ ಮಂದಿಗೆ ರಕ್ತಹೀನತೆ. ಮೊದಲೇ ಮೈಯಲ್ಲಿ ರಕ್ತವಿಲ್ಲದ ಮಗಳು, ಇನ್ನು ನಾಚಿಕೆಯಿಂದಲೂ ಊಟ ಬಿಟ್ಟರೆ ಉಳಿಯುವುದೇನು? ಬಡವರ ಮನೆಗೂ ಇದಕ್ಕೂ ಸಂಬಂಧವಿಲ್ಲವೆಂದವರು ಈ ಲೆಕ್ಕವನ್ನು ನೋಡಲಿ.

ನಮ್ಮಲ್ಲಿ ಇದನ್ನು ಗುರುತಿಸುವುದೂ ಸುಲಭವಲ್ಲ. ಒಪ್ಪತ್ತು, ವ್ರತ, ಶನಿವಾರದ ಉಪವಾಸಗಳ ಮರೆಯಲ್ಲಿ ಊಟ ಬಿಡುವುದು ಮನೆಯವರ ಕಣ್ಣಿಗೆ ಭಕ್ತಿಯಾಗಿ ಕಾಣಬಹುದು. ದಪ್ಪವಾಗುವ ಭಯವನ್ನು ಹೇಳದೆ, ಹೊಟ್ಟೆ ಉಬ್ಬರ, ಹಸಿವಿಲ್ಲ ಎಂದಷ್ಟೆ ಹೇಳುವ ರೋಗಿಗಳೂ ಇದ್ದಾರೆಂದು ಹಾಂಗ್‌ಕಾಂಗಿನ ಸಿಂಗ್ ಲೀ ಎಂಬ ವೈದ್ಯರು ೧೯೯೦ರ ದಶಕದಲ್ಲೇ ಎಚ್ಚರಿಸಿದ್ದರು. ತೂಕ ಇಳಿಯುತ್ತಿದ್ದು, ಮುಟ್ಟು ನಿಂತು, ತಲೆ ಸುತ್ತುತ್ತಿದ್ದರೆ, ಎಲ್ಲರೊಂದಿಗೆ ಕುಳಿತು ಉಣ್ಣಲು ಒಲ್ಲೆನೆಂದರೆ, ಗ್ಯಾಸಿನ ಮಾತ್ರೆ ನುಂಗಿಸಿ ಸುಮ್ಮನಾಗಬಾರದು, ಆಸ್ಪತ್ರೆಗೆ ಕರೆದೊಯ್ಯಬೇಕು. ಗಾಯದ ಗುರುತು ಕಂಡರೆ ಗದರದೆ, ನೆರೆಹೊರೆಗೆ ಸಾರದೆ, ಒಬ್ಬರೇ ಇರುವಾಗ ನೇರವಾಗಿ ಕೇಳಬೇಕು. ಸಾಯುವ ಯೋಚನೆ ಬರುತ್ತದೆಯೇ ಎಂದು ಕೇಳಿದರೆ ಇಲ್ಲದ ಯೋಚನೆ ಹುಟ್ಟೀತೆಂಬ ಭಯ ಬೇಡ. ಹಾಗೆ ಹುಟ್ಟುವುದಿಲ್ಲ, ಬದಲಿಗೆ ಬಾಯಿ ಬಿಡಲು ದಾರಿಯಾಗುತ್ತದೆ.

ಈ ಕಾಯಿಲೆ ವಾಸಿಯಾಗುತ್ತದೆ. ಇದನ್ನು ನಾವು ಒತ್ತಿ ಹೇಳಬಯಸುತ್ತೇವೆ. ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯ ವೈದ್ಯರು ೧೯೮೦ರ ದಶಕದಲ್ಲಿ ರೂಪಿಸಿದ ಪದ್ಧತಿಯಲ್ಲಿ ತಂದೆತಾಯಂದಿರು ಅಪರಾಧಿಗಳಲ್ಲ, ವೈದ್ಯರ ಜೊತೆಗಾರರು. ವೈದ್ಯರ ಮೇಲ್ವಿಚಾರಣೆಯಲ್ಲಿ ಮನೆಯವರೇ ಜೊತೆ ಕುಳಿತು, ತಾಳ್ಮೆಯಿಂದ ಮತ್ತೆ ಊಟಕ್ಕೆ ತರುತ್ತಾರೆ. ಅನ್ನವೇ ಮೊದಲ ಔಷಧ. ಬಹಳ ಸೊರಗಿದವರಿಗೆ ಮಾತ್ರ ಒಮ್ಮೆಗೇ ಹೆಚ್ಚು ಉಣ್ಣಿಸುವುದು ಪ್ರಾಣಕ್ಕೆ ಅಪಾಯ. ಅದು ಆಸ್ಪತ್ರೆಯಲ್ಲೇ ಆಗಬೇಕು.

ಆದರೆ ಆ ವೈದ್ಯರು ಎಲ್ಲಿದ್ದಾರೆ? ಭಾರತದಲ್ಲಿ ಲಕ್ಷ ಜನಕ್ಕೆ ಒಬ್ಬ ಮನೋವೈದ್ಯರೂ ಇಲ್ಲ. ಜಿಲ್ಲೆಯ ಮಟ್ಟದಲ್ಲಿ, ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ಮಾನಸಿಕ ಚಿಕಿತ್ಸೆಯನ್ನು ಜನರ ಬಳಿಗೆ ಒಯ್ಯಬಹುದೆಂದು ದೇಶಕ್ಕೆ ತೋರಿಸಿಕೊಟ್ಟದ್ದೇ ನಮ್ಮ ಬಳ್ಳಾರಿ; ನಿಮ್ಹಾನ್ಸ್ ೧೯೮೫ರಲ್ಲಿ ಅಲ್ಲಿ ಆರಂಭಿಸಿದ ಕೆಲಸವೇ ೧೯೯೬ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ದಾರಿ ತೋರಿಸಿದ ನಾಡಿನಲ್ಲೇ ಮಗಳನ್ನು ಕರೆದುಕೊಂಡು ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಅಲೆಯುವ ಪಾಡು ಏಕಿರಬೇಕು?

ನಮ್ಮ ಒತ್ತಾಯಗಳು ಸರಳವಾದುವು. ಪ್ರತಿ ಜಿಲ್ಲಾಸ್ಪತ್ರೆಯಲ್ಲೂ ಊಟದ ಕಾಯಿಲೆಗಳನ್ನು ಗುರುತಿಸಬಲ್ಲ ವೈದ್ಯರೂ ಆಪ್ತಸಲಹೆಗಾರರೂ ಇರಲಿ. ಶಾಲೆಗಳಲ್ಲಿ ಮಕ್ಕಳ ತೂಕವನ್ನು ಎಲ್ಲರೆದುರು ಕೂಗಿ ಹೇಳುವ ಪದ್ಧತಿ ಎಲ್ಲಿದ್ದರೂ ನಿಲ್ಲಲಿ. ಬ್ರಿಟನ್ ೨೦೨೩ರ ಕಾಯಿದೆಯಿಂದ, ಊಟ ಬಿಡಲು ಮತ್ತು ಗಾಯ ಮಾಡಿಕೊಳ್ಳಲು ಪ್ರೇರಿಸುವ ಸರಕು ಮಕ್ಕಳ ಕಣ್ಣಿಗೆ ಬೀಳದಂತೆ ತಡೆಯುವ ಹೊಣೆಯನ್ನು ಕಂಪನಿಗಳ ಮೇಲೇ ಹೊರಿಸಿದೆ. ತಿದ್ದಿದ ಚಿತ್ರವನ್ನು ಜಾಹೀರಾತಿನಲ್ಲಿ ಬಳಸಿದರೆ ಹಾಗೆಂದು ಅಚ್ಚು ಹಾಕಬೇಕೆಂದು ಫ್ರಾನ್ಸ್ ೨೦೧೭ರಲ್ಲೇ ವಿಧಿಸಿತು. ಮಕ್ಕಳನ್ನು ಗುರಿಯಾಗಿಟ್ಟ ಜಾಹೀರಾತಿಗೆ ತಡೆ ಹಾಕುವ ೨೦೨೩ರ ನಮ್ಮ ಕಾಯಿದೆಗೆ ನಿಯಮಗಳು ಹೊರಬಿದ್ದುದೇ ೨೦೨೫ರ ನವೆಂಬರಿನಲ್ಲಿ. ಕಂಪನಿಗಳ ಮುಲಾಜಿಲ್ಲದೆ ಅದು ಜಾರಿಗೆ ಬರಲಿ.

ಪೊಲೀಸರ ಭಯದಿಂದ ಯಾರೂ ಗಾಯವನ್ನು ಮುಚ್ಚಿಡಬೇಕಾಗಿಲ್ಲ. ೨೦೧೭ರ ಮಾನಸಿಕ ಆರೋಗ್ಯ ಪಾಲನೆ ಕಾಯಿದೆ, ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡಕ್ಕೊಳಗಾದವರೆಂದು ಭಾವಿಸಿ ಆರೈಕೆ ಒದಗಿಸುವ ಹೊಣೆಯನ್ನು ಸರ್ಕಾರದ ಮೇಲೆ ಹಾಕಿದೆ. ಅವರನ್ನು ಶಿಕ್ಷಿಸುತ್ತಿದ್ದ ಹಳೆಯ ೩೦೯ನೆಯ ಕಲಮು ೨೦೨೪ರ ಜುಲೈ ೧ರಿಂದ ಇಲ್ಲವಾಗಿದೆ. ೨೦೨೨ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಗೆ ೧೪೪೧೬ ಎಂಬ ಸಂಖ್ಯೆಯಲ್ಲಿ, ಹಗಲಿರುಳೆನ್ನದೆ, ಖರ್ಚಿಲ್ಲದೆ, ಕನ್ನಡದಲ್ಲೇ ಮಾತನಾಡಬಹುದು. ಇದನ್ನು ಶಾಲೆಯ ಗೋಡೆಯ ಮೇಲೆ, ಬಸ್ ನಿಲ್ದಾಣದಲ್ಲಿ, ಹಾಸ್ಟೆಲಿನ ಬಾಗಿಲಲ್ಲಿ ಬರೆಸುವುದಕ್ಕೆ ಬೆಂಗಳೂರಿನ ಅಪ್ಪಣೆ ಬೇಕಾಗಿಲ್ಲ. ಪಂಚಾಯಿತಿಗಳಿಂದಲೇ ಆಗುವ ಕೆಲಸ.

ಹಸಿದವನಿಗೆ ಅನ್ನ ಕೊಡಬೇಕೆಂಬುದರಲ್ಲಿ ನಮಗೆಂದೂ ಎರಡು ಮಾತಿರಲಿಲ್ಲ. ಎದುರಿಗಿರುವ ಅನ್ನವನ್ನು ನಾಚಿಕೆಯಿಲ್ಲದೆ, ಭಯವಿಲ್ಲದೆ ಉಣ್ಣುವ ಹಕ್ಕೂ ಅದೇ ಹಕ್ಕಿನ ಇನ್ನೊಂದು ಮುಖ. ಅದನ್ನು ನಮ್ಮ ಮಕ್ಕಳಿಗೆ ದೊರಕಿಸುವುದು ಸರ್ಕಾರದ ಹೊಣೆಯಷ್ಟೇ ನಮ್ಮೆಲ್ಲರ ನಾಲಗೆಯ ಹೊಣೆಯೂ ಹೌದು.